ಹನ್ನೆರಡು ಕಿಲೋ

ನಮ್ಮ ತಮಾಲೆಯಲ್ಲಿ ಯಾರೂ
ಬಂದವರೇ ಕೆಲಸದ ಮಾತಿಗಿಳಿಯುವುದಿಲ್ಲ.
ಮೊದಲು 'ದಸಿಬಾ' ಅನ್ನಬೇಕು, ಬೆಳಗಿಗೊಂದು ನಮಸ್ಕಾರ.
ಎದುರಿನವರು 'ನಾ' ಅನ್ನಬೇಕು.
ಆಮೇಲೆ ಮನೆ, ಮಕ್ಕಳು, ನಿದ್ದೆ;
ಒಂದೊಂದಕ್ಕೂ ಒಂದೊಂದು ನಾ.
ವುಂಪಿನಿ, ನೀನು ವಾರ್ಡಿಗೆ ಬಂದ ಮೊದಲ ದಿನ
ನಾನು ಕೂಗಿ ಹೇಳಿದ ದಸಿಬಾ
ಬಾಗಿಲಲ್ಲೇ ನಿಂತುಬಿಟ್ಟಿತು.
ಇಸ್ತ್ರಿಯ ಗೆರೆ ಕೈ ಕೊಯ್ಯುವಂತಿದ್ದ ಸಮವಸ್ತ್ರದೊಳಗೆ
ಎಲ್ಲೋ ಕಳೆದುಹೋಗಿತ್ತು ನಿನ್ನ ಗಂಟಲು.

ಹರ್ಮಟ್ಟಾನ್ ಬೀಸುವ ತಿಂಗಳು.
ಕಿಟಕಿ ಮುಚ್ಚಿದರೂ ಮರಳುಗಾಡು ಒಳಗೆ ಬಂದು
ಡ್ರಿಪ್ಪಿನ ಕಂಬದ ಮೇಲೆ ಕೂರುತ್ತಿತ್ತು.
ಸ್ಪಿರಿಟ್ಟಿಗೆ ನಿನ್ನ ಬೆರಳ ಗೆಣ್ಣುಗಳು ಬಿರಿದು ರಕ್ತ.
ಶಿಯಾ ಬೆಣ್ಣೆಯ ಡಬ್ಬಿ ಮೇಜಿನ ಮೇಲೆ ಮರೆತವಳಂತೆ ಇಟ್ಟೆ.
ನಾಲ್ಕು ತಿಂಗಳಿಂದ ಸಂಬಳ ಬಂದಿಲ್ಲವೆಂದು ನೀನು ಹೇಳಲಿಲ್ಲ,
ನಿನ್ನ ಬಿಳಿ ಬೂಟಿಗೆ ಮೆತ್ತಿದ ಕೆಮ್ಮಣ್ಣು ಹೇಳಿತು
ಕಲ್ಪೊಹಿನ್‌ನಿಂದ ನಡೆದೇ ಬರುತ್ತೀಯೆಂದು.
ಅಂದಿನಿಂದ ನನ್ನ ಬುತ್ತಿಯಲ್ಲಿ
ಸಜ್ಜೆ ಗಂಜಿ ಎರಡು ಲೋಟ, ಅಲಸಂದೆ ವಡೆ ಆರು.
'ಜಾಸ್ತಿಯಾಯ್ತು, ತಿನ್ನು' ಎಂಬ ಸುಳ್ಳು
ನಾನು ಆಡಿದ ಸುಳ್ಳುಗಳಲ್ಲೆಲ್ಲ ಚಿಕ್ಕದು.

ದೊಡ್ಡದನ್ನು ಹೇಳುತ್ತೇನೆ, ತಾಳು.

ಆ ರಾತ್ರಿ ಹತ್ತು ಹಾಸಿಗೆ, ಹದಿನೇಳು ಮಕ್ಕಳು.
ಮೂರನೇ ಹಾಸಿಗೆಯಲ್ಲಿ ಮಲೇರಿಯಾಕ್ಕೆ ಬೆಂದ ಹುಡುಗ,
ತೂಕ ಹನ್ನೆರಡು ಕಿಲೋ.
ನಿನ್ನ ಚೀಟಿಯಲ್ಲಿ ಅದು ಇಪ್ಪತ್ತೊಂದಾಗಿತ್ತು.
ಒಂದು ಎರಡಕ್ಕೆ ಬೆನ್ನು ತಿರುಗಿಸಿತ್ತು, ಅಷ್ಟೇ.
ಸಿರಿಂಜು ತುಂಬಿತ್ತು. ಕೈ ಕೊಳವೆಯ ಹತ್ತಿರ ಹೋಗಿತ್ತು.
ನಾನು ಕಿತ್ತುಕೊಳ್ಳಲಿಲ್ಲ.
ಪಕ್ಕಕ್ಕೆ ಬಂದು ನಿಂತು ಕೇಳಿದೆ:
'ಮಗುವನ್ನು ಒಮ್ಮೆ ಎತ್ತಿ ನೋಡು. ಎಷ್ಟು ಭಾರ?'
ನೀನು ಎತ್ತಿದೆ.
ಲೆಕ್ಕ ತಪ್ಪಿದ್ದು ನಿನ್ನ ತೋಳಿಗೆ ಮೊದಲು ತಿಳಿಯಿತು,
ಮುಖಕ್ಕೆ ಆಮೇಲೆ.

ಬಟ್ಟೆ ಒಗೆಯುವ ತೊಟ್ಟಿಯ ಹಿಂದೆ ನೀನು ಅಳುತ್ತಿದ್ದಾಗ
ನಾನು ಸಮಾಧಾನ ಹೇಳಲಿಲ್ಲ, ನೆನಪಿದೆಯಾ?
ಬೋಲ್ಗಾದ ಕಥೆ ಹೇಳಿದೆ.
ಇಪ್ಪತ್ಮೂರು ವರ್ಷದ ಹಿಂದೆ
ಅಮ್ಮಂದಿರೆಲ್ಲ ನೋಡುತ್ತಿದ್ದಂತೆ ಹಿರಿಯ ಸಿಸ್ಟರು
ನನ್ನ ಕೈಯಿಂದ ಸಿರಿಂಜು ಕಸಿದು ನೆಲಕ್ಕೆಸೆದಿದ್ದಳು.
ಅವತ್ತು ನಾನು ಕಲಿತದ್ದು ಔಷಧದ ಅಳತೆಯಲ್ಲ,
ತಪ್ಪನ್ನು ಸೆರಗಿನಲ್ಲಿ ಮುಚ್ಚುವುದನ್ನು.
ಮುಂದಿನ ಸಲ ತಪ್ಪಿದಾಗ ಬಾಯಿ ಬಿಡಲಿಲ್ಲ.
ಬೆಳಗಿನವರೆಗೆ ಆ ಕೂಸಿನ ಉಸಿರು ಎಣಿಸುತ್ತ ಕೂತೆ.
ಅದು ಬದುಕಿತು. ನನ್ನ ಜಾಣತನದಿಂದಲ್ಲ.
ಇದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ.
ನೀನು ಅಳು ನಿಲ್ಲಿಸಿ ನನ್ನನ್ನೇ ನೋಡಿದೆ,
ಸಿಸ್ಟರ್ ಸನಾತು ಕೂಡ? ಎಂಬಂತೆ.
ಹೌದು ಮಗಳೇ, ಸನಾತು ಕೂಡ.

ಆಮೇಲೆ ಇಬ್ಬರೂ ದೀಪದಡಿ ಕೂತು
ನಡೆದದ್ದನ್ನು ನಡೆದಂತೆ ಪುಸ್ತಕದಲ್ಲಿ ಬರೆದೆವು.
ನಿನ್ನ ಸಹಿಯ ಕೆಳಗೆ ನನ್ನದು.
ಮೂರನೆಯ ಹಾಸಿಗೆ ಬೆವರಿತು, ನೀರು ಕೇಳಿತು.
ಎಂಟನೆಯದು, ಎಲ್ಲವನ್ನೂ ಸರಿಯಾಗಿ ಮಾಡಿದ್ದ ಎಂಟನೆಯದು,
ನಸುಕಿನಲ್ಲಿ ತಣ್ಣಗಾಯಿತು.
ಅದಕ್ಕೆ ನನ್ನಲ್ಲಿ ಕಲಿಸುವುದೇನೂ ಇರಲಿಲ್ಲ.
ತಾಯಿಯ ಪಕ್ಕ ನೆಲದ ಮೇಲೆ ಕೂತೆ.
ಸ್ವಲ್ಪ ಹೊತ್ತಿಗೆ ನೀನೂ ಬಂದು ಕೂತೆ.

ಈಗ ಮಳೆಗಾಲ ಹತ್ತಿರ. ಜ್ವರದ ಮಕ್ಕಳು ಇನ್ನೂ ಹೆಚ್ಚು.
ಇವತ್ತು ನಾನು ತಡವಾಗಿ ಬಂದೆ, ಮಂಡಿ ನೋವು.
ಹೊರಗೆ ಯಾರೋ ಹೆಂಗಸು,
ಬೆನ್ನಿಗೆ ಕಟ್ಟಿದ ಕೂಸಿನ ತಲೆ ಒಂದು ಕಡೆ ವಾಲಿದೆ.
ಬಾಗಿಲಲ್ಲಿ ನಿಂತು, ಅಂಥ ಗಾಬರಿಯಲ್ಲೂ,
ರೂಢಿ ಬಿಡದೆ ಕರೆದಳು:
ದಸಿಬಾ!

ನಾನು ಬಾಯಿ ತೆರೆಯುವ ಮೊದಲೇ
ಒಳಗಿನಿಂದ, ಕೈ ತೊಳೆಯುವ ನೀರಿನ ಸದ್ದಿನ ಮೇಲೆ
ನಿನ್ನ ದನಿ:

ನಾ.